ತಿದ್ದಿಕೊಡುವವರು, ಓದಿಸುವವರು: ದುಬೈ–ಅಬುಧಾಬಿಯಲ್ಲಿ ಜಾವಾ ಕಲಿಕೆಯ ಚರಿತ್ರೆ

1999ರ ಅಕ್ಟೋಬರ್‌ನಲ್ಲಿ ದುಬೈ ಆಡಳಿತ ಒಂದು ವರ್ಷದೊಳಗೆ ಇಂಟರ್ನೆಟ್ ಸಿಟಿಯನ್ನು ಕಟ್ಟಿ ನಿಲ್ಲಿಸುವುದಾಗಿ ಘೋಷಿಸಿತು. ಹೇಳಿದಂತೆಯೇ 2000ದ ಅಕ್ಟೋಬರ್‌ನಲ್ಲಿ ಅದರ ಬಾಗಿಲು ತೆರೆಯಿತು. ನಮ್ಮ ಮಣಿಪಾಲದ ಸಂಸ್ಥೆ ಮತ್ತು ಬಿಟ್ಸ್ ಪಿಲಾನಿ ದುಬೈಯಲ್ಲಿ ಕಾಲೂರಿದ್ದೂ ಅದೇ ವರ್ಷ. 2001ರ ಅಕ್ಟೋಬರ್ 29ರಂದು ದುಬೈಯ ಇ-ಸರ್ಕಾರ ಚಾಲನೆಗೆ ಬಂತು. ಅದರ ನೆನಪಿಗೆ ಯುಎಇ ಈಗ ಪ್ರತಿ ಅಕ್ಟೋಬರ್ 29ನ್ನು ಕೋಡಿಂಗ್ ದಿನವೆಂದು ಆಚರಿಸುತ್ತದೆ. 2017ರಲ್ಲಿ ಹತ್ತು ಲಕ್ಷ ಅರಬ್ ಕೋಡರ್‌ಗಳ ಯೋಜನೆ ಬಂತು. 2021ರಲ್ಲಿ ಕೋಡರ್‌ಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವೂ ಒಂದು ಲಕ್ಷ ಗೋಲ್ಡನ್ ವೀಸಾದ ಘೋಷಣೆಯೂ ಬಂದವು. ಇವೆಲ್ಲಕ್ಕೂ ತಾರೀಖು ಇದೆ, ದಾಖಲೆ ಇದೆ. ಆದರೆ ಹದಿನಾರರ ಹುಡುಗಿಯೊಬ್ಬಳು ಬರೆದ ಮೊದಲ ಪ್ರೋಗ್ರಾಂ ಓಡದೆ ನಿಂತಾಗ, ಪರದೆಯ ಮೇಲೆ ಕೆಂಪು ಅಕ್ಷರ ತುಂಬಿಕೊಂಡಾಗ, ಪಕ್ಕದಲ್ಲಿ ಯಾರು ನಿಂತರು, ಏನು ಹೇಳಿಕೊಟ್ಟರು ಎಂಬುದಕ್ಕೆ ತಾರೀಖಿಲ್ಲ. ಕೋಡರ್ ಒಬ್ಬ ನಿಜವಾಗಿ ತಯಾರಾಗುವುದು ಆ ಗಳಿಗೆಯಲ್ಲಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸಬರು ಮಾಡುವ ದೋಷಗಳನ್ನು ನಾವು ಬಹುಕಾಲ ಅವರ ಅಜಾಗರೂಕತೆಯ ಲೆಕ್ಕಕ್ಕೆ ಬರೆದೆವು. ಮೂರು ದಶಕದ ಚರಿತ್ರೆಯನ್ನು ನೋಡಿದರೆ ಆ ದೋಷಗಳ ದೊಡ್ಡ ಪಾಲು ಭಾಷೆಯ ರಚನೆಗೆ, ಅದರ ಸಂದೇಶಗಳಿಗೆ, ನಮ್ಮ ಪರೀಕ್ಷಾಕ್ರಮಕ್ಕೆ ಸೇರಬೇಕಾದದ್ದು ಎಂಬುದು ನನ್ನ ವಾದ. ಹಾಗಾದರೆ ನೆರವಿನ ರೀತಿಯೂ ಬದಲಾಗಬೇಕಾಗುತ್ತದೆ.

ಜಾವಾ ಲೋಕಕ್ಕೆ ಪರಿಚಯವಾದದ್ದು 1995ರ ಮೇ 23ರಂದು. ಸನ್ ಮೈಕ್ರೋಸಿಸ್ಟಮ್ಸ್ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದದ್ದು 1996ರ ಜನವರಿಯಲ್ಲಿ. ಕಚೇರಿಗಳ ಸರ್ವರ್ ಕೆಲಸಕ್ಕೆಂದೇ ರೂಪಿಸಿದ ಜೆ2ಇಇ 1999ರ ಕೊನೆಗೆ ಬಂತು. ಬ್ಯಾಂಕು, ಬಂದರು, ವಿಮಾನಯಾನ, ಸರ್ಕಾರಿ ಇಲಾಖೆಗಳು ಕಾಗದದಿಂದ ಕಂಪ್ಯೂಟರಿಗೆ ಹೊರಳುತ್ತಿದ್ದ ಎಮಿರೇಟುಗಳ ಮಟ್ಟಿಗೆ ಈ ಕಾಲ ಸರಿಯಾಗಿ ಕೂಡಿಬಂತು. ಕಲಿಕೆಯ ದಾರಿ ಮಾತ್ರ ಬಹುಮಟ್ಟಿಗೆ ಭಾರತದಿಂದ ಹೋಯಿತು. ದುಬೈಯ ಇಂಡಿಯನ್ ಹೈಸ್ಕೂಲ್ 1961ರದ್ದು, ಅಬುಧಾಬಿ ಇಂಡಿಯನ್ ಸ್ಕೂಲ್ 1975ರದ್ದು. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆಯೂ ದುಬೈಯಲ್ಲಿ ಶಾಲೆ ನಡೆಸುತ್ತಿದೆ. ಇಂಥ ಸಿಬಿಎಸ್‌ಇ ಶಾಲೆಗಳ ಹನ್ನೊಂದು, ಹನ್ನೆರಡನೆಯ ತರಗತಿಯಲ್ಲಿ ಇನ್ಫರ್ಮ್ಯಾಟಿಕ್ಸ್ ಪ್ರಾಕ್ಟಿಸಸ್ ತೆಗೆದುಕೊಂಡವರು 2010ರ ದಶಕದ ಬಹುಭಾಗ ನೆಟ್‌ಬೀನ್ಸ್ ತಂತ್ರಾಂಶದಲ್ಲಿ ಜಾವಾ ಬರೆದರು. ಕಾಲೇಜಿಗೆ ಬಂದರೆ 1993ರಿಂದಲೇ ದುಬೈಯಲ್ಲಿದ್ದ ವೊಲೊಂಗಾಂಗ್, ಆಮೇಲೆ ಮಣಿಪಾಲ, ಬಿಟ್ಸ್, ಹೆರಿಯಟ್-ವಾಟ್. ಎಂಜಿನಿಯರಿಂಗಿಗೆ ಊರಿಗೆ ಮರಳಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ಸೇರಿದವರಿಗೆ ಅಲ್ಲಿಯೂ ಜಾವಾ ಎದುರಾಗುತ್ತಿತ್ತು. ಸ್ಥಳೀಯ ಎಮಿರಾಟಿ ಮಕ್ಕಳ ದಾರಿ ಬೇರೆ: ಬಹುಕಾಲ ಸರ್ಕಾರಿ ಶಾಲೆಯಲ್ಲಿ ಅರಬ್ಬಿಯಲ್ಲಿ ಓದಿ, 1988ರಲ್ಲಿ ಶುರುವಾದ ಹೈಯರ್ ಕಾಲೇಜಸ್ ಆಫ್ ಟೆಕ್ನಾಲಜಿಯಂಥ ಇಂಗ್ಲಿಷ್ ಮಾಧ್ಯಮದ ಕಾಲೇಜಿಗೆ ಬಂದು ಬೀಳುತ್ತಿದ್ದರು. ಮನೆಯಲ್ಲಿ ಕನ್ನಡವೋ ತುಳುವೋ ಮಲಯಾಳವೋ ಅರಬ್ಬಿಯೋ ಆಡುವ ಇವರೆಲ್ಲರಿಗೂ ಯಂತ್ರ ಮಾತಾಡಿದ್ದು ಇಂಗ್ಲಿಷಿನಲ್ಲಿ, ಅದೂ ಎಂಜಿನಿಯರುಗಳು ತಮ್ಮತಮ್ಮೊಳಗೆ ಆಡಿಕೊಳ್ಳುವ ಇಂಗ್ಲಿಷಿನಲ್ಲಿ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಜಾವಾ ಮೊದಲ ದಿನದಿಂದಲೂ ಯೂನಿಕೋಡ್ ನಂಬಿದ ಭಾಷೆ. ವೇರಿಯಬಲ್ ಒಂದಕ್ಕೆ ‘ಬೆಲೆ’ ಎಂದು ಕನ್ನಡದಲ್ಲೇ ಹೆಸರಿಟ್ಟರೆ, ಕೋಡನ್ನು ಓಡುವ ಮೊದಲು ಪರಿಶೀಲಿಸುವ ಕಂಪೈಲರ್ ತಕರಾರು ಮಾಡುವುದಿಲ್ಲ, ಅರಬ್ಬಿಯಲ್ಲಿಟ್ಟರೂ ಇಲ್ಲ. ಆದರೆ ತಪ್ಪಾದಾಗ ಅದು ಹೇಳುವ ಮಾತು ಇಂಗ್ಲಿಷಿನದ್ದು. ಆ ಸಂದೇಶಗಳ ಜಪಾನಿ ಮತ್ತು ಚೀನೀ ಅನುವಾದ ಜಾವಾದ ಮೂಲ ಕಿಟ್ ಆದ ಜೆಡಿಕೆಯ ಜೊತೆಗೇ ಬರುತ್ತದೆ. ಅರಬ್ಬಿಯದ್ದು ಬರುವುದಿಲ್ಲ, ಕನ್ನಡದ್ದೂ ಬರುವುದಿಲ್ಲ. ಇನ್ನೊಂದು ಸಣ್ಣ ತೊಡಕು ನಮ್ಮ ಲಿಪಿಯದು. ಕನ್ನಡಕ್ಕೂ ಅರಬ್ಬಿಗೂ ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವಿಲ್ಲ. ಪಠ್ಯವನ್ನು ಸೂಚಿಸುವ ಸ್ಟ್ರಿಂಗ್ ಎಂಬ ಪದದ ಮೊದಲ ಅಕ್ಷರವನ್ನು ಚಿಕ್ಕದಾಗಿ ಬರೆದ ಹುಡುಗನಿಗೆ ಕಂಪೈಲರ್ ‘ಕ್ಯಾನಾಟ್ ಫೈಂಡ್ ಸಿಂಬಲ್’ ಎನ್ನುತ್ತದೆ. ಯಾವ ಸಿಂಬಲ್, ಎಲ್ಲಿ ಹುಡುಕಿತು, ಯಾಕೆ ಸಿಗಲಿಲ್ಲ? ವಿವರ ಕೆಳಗಿನ ಸಾಲುಗಳಲ್ಲಿ ಇದ್ದೇ ಇರುತ್ತದೆ. ಆದರೆ ಅಲ್ಲಿಯವರೆಗೆ ಓದಬೇಕೆಂದು ಆ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ಯಾಕೆ ಹೇಳಲಿಲ್ಲ ಎಂಬುದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಉತ್ತರವಿದೆ. ಸಿಬಿಎಸ್‌ಇ ಪತ್ರಿಕೆಗಳಲ್ಲಿ ಒಂದು ಖಾಯಂ ಪ್ರಶ್ನೆ ಇರುತ್ತಿತ್ತು: ಕೊಟ್ಟಿರುವ ಕೋಡ್‌ನಲ್ಲಿ ತಪ್ಪುಗಳಿವೆ, ಸರಿಪಡಿಸಿ ಮತ್ತೆ ಬರೆಯಿರಿ, ಪ್ರತಿ ತಿದ್ದುಪಡಿಗೆ ಅಡಿಗೆರೆ ಎಳೆಯಿರಿ. ಕಾಗದದ ಮೇಲಿನ ಕೋಡ್, ಕಾಗದದ ಮೇಲಿನ ತಿದ್ದುಪಡಿ. ಕಂಪೈಲರ್ ಇಲ್ಲ, ಅದರ ಸಂದೇಶವೂ ಇಲ್ಲ. ಬಿಟ್ಟುಹೋದ ಸೆಮಿಕೋಲನ್ ಎಲ್ಲಿ, ಎರಡು ಸಮಚಿಹ್ನೆಯ ಬದಲು ಒಂದೇ ಇರುವುದೆಲ್ಲಿ, ಎಂದು ಕಣ್ಣಾಡಿಸಿ ಹಿಡಿದವರಿಗೆ ಅಂಕ. ಈ ಪ್ರಶ್ನೆ ಪೂರ್ತಿ ನಿರುಪಯುಕ್ತವೆಂದು ಹೇಳಲಾರೆ. ಕಣ್ಣಿಗೆ ಒಂದು ಬಗೆಯ ಸೂಕ್ಷ್ಮವನ್ನು ಅದು ಕೊಟ್ಟಿತು. ಆದರೆ ನೆರವಿನ ಇಡೀ ಪದ್ಧತಿಗೆ ಮಾದರಿಯಾದದ್ದೂ ಅದೇ. ಲ್ಯಾಬಿನಲ್ಲಿ ಮೇಷ್ಟ್ರು ಬಂದು ಪರದೆ ನೋಡಿ, ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು, ಒಂದು ಚಿಹ್ನೆ ಒತ್ತಿ, ‘ಈಗ ರನ್ ಮಾಡು’ ಎನ್ನುವ ಕ್ರಮವೂ ಪರೀಕ್ಷೆಯ ಈ ಪ್ರಶ್ನೆಯೂ ಒಂದೇ ನಂಬಿಕೆಯಿಂದ ಹುಟ್ಟಿದವು. ತಪ್ಪೆಂದರೆ ಅಕ್ಷರದ ಕೊರತೆ, ತಿದ್ದುವುದೆಂದರೆ ಆ ಅಕ್ಷರವನ್ನು ತುಂಬುವುದು, ಎಂಬ ನಂಬಿಕೆ. ಗಲ್ಫಿನ ನೌಕರಿ ಮಾರುಕಟ್ಟೆಯಲ್ಲಿ ಬೆಲೆಯಿದ್ದ ಸನ್ ಕಂಪನಿಯ ಜಾವಾ ಸರ್ಟಿಫಿಕೇಟ್ ಪರೀಕ್ಷೆಯಲ್ಲೂ ‘ಕಂಪೈಲ್ ಆಗುವುದಿಲ್ಲ’ ಎಂಬುದು ಪದೇಪದೇ ಕಾಣುವ ಆಯ್ಕೆಯಾಗಿತ್ತು. ಆ ಉತ್ತರವನ್ನು ಗುರುತಿಸಿದರೆ ಸಾಕಿತ್ತು. ಕಂಪೈಲರ್ ಆಗ ಏನು ಹೇಳುತ್ತದೆ ಎಂಬುದು ಯಾರಿಗೂ ಬೇಕಿರಲಿಲ್ಲ.

ಹೊಸಬರು ನಿಜವಾಗಿ ಎಡವುವುದೆಲ್ಲಿ ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು ತಡವಾಗಿ. ಕಲಿಯುವವರಿಗೆಂದೇ ಮೈಕೆಲ್ ಕೋಲಿಂಗ್ ಮತ್ತು ಜಾನ್ ರೋಸನ್‌ಬರ್ಗ್ ರೂಪಿಸಿದ, ನಮ್ಮ ಐಸಿಎಸ್‌ಇ ಶಾಲೆಗಳಲ್ಲಿ ಮನೆಮಾತಾದ ಬ್ಲೂಜೆ ತಂತ್ರಾಂಶ 2013ರಿಂದ, ಬಳಸುವವರ ಒಪ್ಪಿಗೆ ಪಡೆದು, ಅವರ ಪ್ರತಿಯೊಂದು ಕಂಪೈಲ್ ಯತ್ನವನ್ನೂ ಹೆಸರಿಲ್ಲದೆ ದಾಖಲಿಸತೊಡಗಿತು. ಅದರಿಂದ ನೀಲ್ ಬ್ರೌನ್ ಮತ್ತು ಅಮ್ಜದ್ ಅಲ್ತಾದ್ಮ್ರಿ 3 ಕೋಟಿ 70 ಲಕ್ಷ ಕಂಪೈಲ್‌ಗಳನ್ನು ತೆಗೆದು ಪರಿಶೀಲಿಸಿದರು. ಜೊತೆಗೆ ಶಿಕ್ಷಕರನ್ನು ಕೇಳಿದರು: ನಿಮ್ಮ ವಿದ್ಯಾರ್ಥಿಗಳು ಯಾವ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ? ಶಿಕ್ಷಕರ ಉತ್ತರ ಅಂಕಿಅಂಶದ ಜೊತೆ ಹೊಂದಲಿಲ್ಲ; ಒಬ್ಬರದ್ದು ಇನ್ನೊಬ್ಬರದ್ದರ ಜೊತೆಗೂ ಸರಿಯಾಗಿ ಹೊಂದಲಿಲ್ಲ. ವರ್ಷಗಟ್ಟಲೆ ಪಾಠ ಮಾಡಿದ ಅನುಭವ ಊಹೆಯನ್ನು ನಿಖರಗೊಳಿಸಿರಲಿಲ್ಲ. ಅತಿ ಹೆಚ್ಚು ಕಂಡ ತಪ್ಪು ಆವರಣ ಚಿಹ್ನೆಗಳು ಜೋಡಿಯಾಗದೆ ಉಳಿಯುವುದು, ಆದರೆ ಅದನ್ನು ಮಕ್ಕಳು ಬೇಗನೆ ಸರಿಪಡಿಸಿಕೊಳ್ಳುತ್ತಿದ್ದರು. ಬಹಳ ಹೊತ್ತು ಉಳಿಯುತ್ತಿದ್ದ ತಪ್ಪುಗಳ ಸಾಲಿನಲ್ಲಿ ಎರಡು ಸ್ಟ್ರಿಂಗ್‌ಗಳನ್ನು ಜೋಡಿ ಸಮಚಿಹ್ನೆಯಿಂದ ಹೋಲಿಸುವುದು ಎದ್ದು ಕಾಣುತ್ತಿತ್ತು. ಅಡಿಗೆರೆ ಎಳೆಯಿಸುವ ಪ್ರಶ್ನೆ ಹೆಚ್ಚಾಗಿ ಕೇಳುತ್ತಿದ್ದದ್ದು, ಮಕ್ಕಳು ತಾವಾಗಿಯೇ ಬೇಗನೆ ತಿದ್ದಿಕೊಳ್ಳಬಲ್ಲ ಜಾತಿಯ ತಪ್ಪುಗಳನ್ನು. ಅವರು ಬಹಳ ಹೊತ್ತು ಒದ್ದಾಡುವ ತಪ್ಪುಗಳ ಹತ್ತಿರ ನಮ್ಮ ಪರೀಕ್ಷೆ ಸುಳಿದದ್ದು ಕಡಿಮೆ.

ಆ ಸ್ಟ್ರಿಂಗ್ ತಪ್ಪನ್ನೇ ಹತ್ತಿರದಿಂದ ನೋಡೋಣ. ವಿದ್ಯಾರ್ಥಿನಿ ಊರಿನ ಹೆಸರನ್ನು ‘ದುಬೈ’ ಎಂಬ ಪದದೊಡನೆ ಹೋಲಿಸುವ ಪ್ರೋಗ್ರಾಂ ಬರೆಯುತ್ತಾಳೆ. ಮೊದಲು ಊರಿನ ಹೆಸರನ್ನು ಕೋಡಿನೊಳಗೇ ಬರೆದು ಪರೀಕ್ಷಿಸುತ್ತಾಳೆ. ಜೋಡಿ ಸಮಚಿಹ್ನೆ ‘ಹೌದು’ ಎನ್ನುತ್ತದೆ, ಯಾಕೆಂದರೆ ಕೋಡಿನಲ್ಲಿ ಬರೆದ ಒಂದೇ ಥರದ ಪದಗಳನ್ನು ಜಾವಾ ಮೆಮೊರಿಯಲ್ಲಿ ಒಂದೇ ಜಾಗದಲ್ಲಿಡುತ್ತದೆ. ಮುಂದಿನ ವಾರ ಸ್ಕ್ಯಾನರ್ ಕಲಿತು, ಊರಿನ ಹೆಸರನ್ನು ಕೀಬೋರ್ಡಿನಿಂದ ತೆಗೆದುಕೊಳ್ಳುತ್ತಾಳೆ. ಅದೇ ಪದ, ಅದೇ ಅಕ್ಷರಗಳು, ಆದರೆ ಈಗ ‘ಅಲ್ಲ’ ಎಂಬ ಉತ್ತರ. ಕೀಬೋರ್ಡಿನಿಂದ ಬಂದ ಪದ ಬೇರೆ ಜಾಗದಲ್ಲಿ ಕುಳಿತಿದೆ. ಜೋಡಿ ಸಮಚಿಹ್ನೆ ಹೋಲಿಸುವುದು ಜಾಗವನ್ನು, ಅಕ್ಷರವನ್ನಲ್ಲ. ಅಕ್ಷರ ಹೋಲಿಸಲು ‘ಈಕ್ವಲ್ಸ್’ ಬೇಕು. ಕಂಪೈಲರ್ ತುಟಿ ಪಿಟ್ಟೆನ್ನುವುದಿಲ್ಲ. ನಿನ್ನೆ ಸರಿಯಿದ್ದದ್ದು ಇಂದು ಕೆಟ್ಟಿತು ಎಂದಾಗ ಆಕೆ ದೂರುವುದು ತನ್ನನ್ನೇ. ‘ಈಕ್ವಲ್ಸ್ ಹಾಕು’ ಎಂದು ಹೇಳಿ ಹೋದರೆ ಈ ಪ್ರೋಗ್ರಾಂ ಓಡುತ್ತದೆ, ಆದರೆ ಮುಂದಿನ ತಿಂಗಳು ಇಂಟಿಜರ್ ವಸ್ತುಗಳಲ್ಲಿ ಅದೇ ಹಳ್ಳ ಕಾದಿರುತ್ತದೆ. ಅಲ್ಲಿ 127ರವರೆಗಿನ ಸಂಖ್ಯೆಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡಿರುವುದರಿಂದ ಹೋಲಿಕೆ ಸರಿಯಾಗಿ ಬಂದು, 128ರಿಂದ ಮುಂದೆ ಕೈಕೊಡುತ್ತದೆ. ಮೆಮೊರಿಯ ಎರಡು ಜಾಗಗಳನ್ನು ಕಾಗದದ ಮೇಲೆ ಎರಡು ಚೌಕವಾಗಿ ಬರೆದು ತೋರಿಸಿದವರು ಮಾತ್ರ ಎರಡೂ ಹಳ್ಳಗಳಿಂದ ಆಕೆಯನ್ನು ದಾಟಿಸಿದಂತೆ.

ಯುಎಇಯದ್ದೇ ಇನ್ನೊಂದು ಉದಾಹರಣೆ ಕೊಡಬಹುದು. 2018ರ ಜನವರಿ 1ರಿಂದ ಅಲ್ಲಿ ಶೇಕಡ 5ರ ವ್ಯಾಟ್ ಬಂತು. ಅಂಗಡಿಯ ಬಿಲ್ ಲೆಕ್ಕ ಹಾಕುವ ಪ್ರೋಗ್ರಾಂ ಬರೆಯುವ ಹೊಸಬ ಮೊದಲು 5ನ್ನು 100ರಿಂದ ಭಾಗಿಸಿ, ಬಂದದ್ದನ್ನು ಬೆಲೆಗೆ ಗುಣಿಸುತ್ತಾನೆ. ಎರಡೂ ಪೂರ್ಣಾಂಕಗಳಾದ್ದರಿಂದ ಜಾವಾದಲ್ಲಿ 5 ಭಾಗ 100 ಎಂದರೆ ಸೊನ್ನೆ. ಎರಡು ಸಾವಿರ ದಿರ್ಹಮ್ ಸಾಮಾನಿಗೂ ತೆರಿಗೆ ಸೊನ್ನೆ ಎಂದೇ ಪರದೆ ತೋರಿಸುತ್ತದೆ. ಕೆಂಪು ಅಕ್ಷರವಿಲ್ಲ, ಸಾಲಿನ ಸಂಖ್ಯೆಯಿಲ್ಲ. ಉತ್ತರ ಎಷ್ಟು ಬರಬೇಕೆಂದು ಮೊದಲೇ ಕೈಯಲ್ಲಿ ಲೆಕ್ಕ ಹಾಕಿ, ನೂರು ದಿರ್ಹಮ್‌ಗೆ ಐದು ಎಂದು ಬರೆದಿಟ್ಟುಕೊಂಡವನಿಗೆ ಮಾತ್ರ ಇದು ತಪ್ಪೆಂದು ಗೊತ್ತಾಗುತ್ತದೆ. ಸಂದೇಶವಿಲ್ಲದ ಈ ತಪ್ಪುಗಳೇ ಮುಂದೆ ಕಚೇರಿಯ ತಂತ್ರಾಂಶಕ್ಕೆ ಹೋಗಿ ಸೇರುವವು. ಅದಕ್ಕೇ ಕೈಲೆಕ್ಕದ ಅಭ್ಯಾಸವನ್ನು ಮೊದಲ ತಿಂಗಳಲ್ಲೇ ಹಾಕಿಸಬೇಕು ಎನ್ನುತ್ತೇನೆ.

ತಪ್ಪು ಭಾಷೆಯದ್ದೂ ಹೌದು ಎಂಬುದಕ್ಕೆ ಜಾವಾವನ್ನು ರೂಪಿಸಿದವರೇ ಮಾಡುತ್ತ ಬಂದ ತಿದ್ದುಪಡಿಗಳು ಸಾಕ್ಷಿ. ಹಳೆಯ ಕ್ಯಾಲೆಂಡರ್ ವರ್ಗದಲ್ಲಿ ತಿಂಗಳು ಸೊನ್ನೆಯಿಂದ ಶುರು, ವಾರದ ದಿನ ಒಂದರಿಂದ ಶುರು. ಡಿಸೆಂಬರ್ ಎಂದರೆ 11, ಭಾನುವಾರ ಎಂದರೆ 1. ಇದರಲ್ಲಿ ಎಡವಿದ ಮಗುವನ್ನು ಅಜಾಗರೂಕ ಎನ್ನುವುದು ಅನ್ಯಾಯ. 2014ರ ಜಾವಾ 8 ಹೊಸ ದಿನಾಂಕ ವ್ಯವಸ್ಥೆ ತಂದು ತಿಂಗಳನ್ನು ಒಂದರಿಂದ ಎಣಿಸಿತು. ಉಮ್ ಅಲ್-ಖುರಾ ಹಿಜ್ರಿ ಪಂಚಾಂಗವನ್ನೂ ಒಳಗೊಂಡಿತು. ಕೀಬೋರ್ಡಿನಿಂದ ಒಂದು ಸಂಖ್ಯೆ ಓದಲು ಸುಲಭದ ಸ್ಕ್ಯಾನರ್ ಸಿಕ್ಕಿದ್ದು 2004ರಲ್ಲಿ. ಅಲ್ಲಿಯವರೆಗೆ ಎರಡು ಪದರದ ರೀಡರ್‌ಗಳನ್ನು ಕಟ್ಟಬೇಕಿತ್ತು. ಎಲ್ಲಕ್ಕಿಂತ ಹೆಚ್ಚು ಹೇಳುವುದು, ಖಾಲಿ ವಸ್ತುವನ್ನು ಬಳಸಹೋದಾಗ ಬರುವ ನಲ್ ಪಾಯಿಂಟರ್ ಎಕ್ಸೆಪ್ಶನ್‌ನ ಕಥೆ. ದಶಕಗಳ ಕಾಲ ಅದು ಸಾಲಿನ ಸಂಖ್ಯೆಯನ್ನಷ್ಟೇ ಕೊಡುತ್ತಿತ್ತು. ಆ ಸಾಲಿನಲ್ಲಿ ನಾಲ್ಕು ವಸ್ತುಗಳಿದ್ದರೆ ಖಾಲಿಯಿರುವುದು ಯಾವುದೆಂದು ಹೇಳುತ್ತಿರಲಿಲ್ಲ. ಯಾವುದು ಖಾಲಿ, ಅದರಿಂದ ಯಾವ ಕೆಲಸ ನಿಂತಿತು ಎಂದು ಬಿಡಿಸಿ ಹೇಳುವ ಸಂದೇಶ ಎಲ್ಲರ ಜಾವಾಕ್ಕೆ ಬಂದದ್ದು 2020ರಲ್ಲಿ. ಆದರೆ ಎಸ್‌ಎಪಿ ಕಂಪನಿಯ ಸ್ವಂತ ಜಾವಾ ಯಂತ್ರದಲ್ಲಿ ಈ ಸೌಲಭ್ಯ 2006ರಿಂದಲೇ ಇತ್ತು. ಮಾಡಬಹುದಾಗಿದ್ದ ಕೆಲಸಕ್ಕೆ ಹದಿನಾಲ್ಕು ವರ್ಷ ಹಿಡಿಯಿತು. ಆ ಹದಿನಾಲ್ಕು ವರ್ಷ ದುಬೈಯಲ್ಲೂ ಧಾರವಾಡದಲ್ಲೂ ಮಕ್ಕಳು ಬರೀ ಸಾಲಿನ ಸಂಖ್ಯೆ ಹಿಡಿದುಕೊಂಡು ಕುಳಿತರು. ಇನ್ನು ಒಂದು ಸಾಲು ಮುದ್ರಿಸಲು ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಎಂಬ ಮಂತ್ರವನ್ನು ಅರ್ಥವಾಗದೆ ಬಾಯಿಪಾಠ ಮಾಡಬೇಕಿದ್ದ ಕಾಲ. ಅದಕ್ಕೆ ಪೂರ್ತಿ ತೆರೆ ಬಿದ್ದದ್ದು 2025ರ ಸೆಪ್ಟೆಂಬರ್‌ನಲ್ಲಿ, ಜಾವಾ 25ರಲ್ಲಿ. ವರ್ಗವಿಲ್ಲದೆ, ಬರೀ ‘ವಾಯ್ಡ್ ಮೇನ್’ ಬರೆದು ಪ್ರೋಗ್ರಾಂ ಓಡಿಸಲು ಈಗ ಅವಕಾಶವಿದೆ. ಮೂವತ್ತು ವರ್ಷ ಹೊಸಬರ ತಲೆಗೆ ಕಟ್ಟಿದ ಭಾರ ಅನಿವಾರ್ಯವಾಗಿರಲಿಲ್ಲ ಎಂದು ಇದರಿಂದ ಸಿದ್ಧವಾಯಿತು.

ಇದಕ್ಕೆ ಹಳಬರ ಆಕ್ಷೇಪ ಗೊತ್ತಿರುವುದೇ: ಜಾವಾದ ಕಟ್ಟುನಿಟ್ಟೇ ಶಿಸ್ತು ಕಲಿಸಿತು, ಒದ್ದಾಡಿ ಕಲಿತವರೇ ಗಟ್ಟಿಯಾದರು. ಕಟ್ಟುನಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಪಠ್ಯವನ್ನು ಸಂಖ್ಯೆಯ ಜಾಗಕ್ಕೆ ಹಾಕಿದರೆ ಓಡುವ ಮೊದಲೇ ತಡೆಯುವುದು ಜಾವಾದ ದೊಡ್ಡ ಗುಣ, ಬ್ಯಾಂಕುಗಳು ಅದನ್ನು ನೆಚ್ಚಿದ್ದೂ ಅದಕ್ಕಾಗಿ. ಆದರೆ ಕಟ್ಟುನಿಟ್ಟು ಬೇರೆ, ಅಸ್ಪಷ್ಟತೆ ಬೇರೆ. ಮುಚ್ಚದ ಒಂದು ಬ್ರೇಸಿಗೆ ಕಂಪೈಲರ್ ‘ರೀಚ್ಡ್ ಎಂಡ್ ಆಫ್ ಫೈಲ್’ ಎಂದು ಫೈಲಿನ ಕೊನೆಯ ಸಾಲಿಗೆ ಬೆರಳು ತೋರಿಸುತ್ತದೆ; ತಪ್ಪು ಎಷ್ಟೋ ಮೇಲಿರುತ್ತದೆ. ಅಲ್ಲಿ ಒದ್ದಾಡಿದವರು ಕಲಿತದ್ದು ತರ್ಕವನ್ನಲ್ಲ, ಸಂದೇಶವನ್ನು ನಂಬದಿರುವುದನ್ನು. ಒದ್ದಾಡಿ ಗಟ್ಟಿಯಾದವರು ಇಂದು ನಮ್ಮ ಕಣ್ಣೆದುರಿಗಿದ್ದಾರೆ, ಬಿಟ್ಟುಹೋದವರು ಯಾರ ಲೆಕ್ಕದಲ್ಲೂ ಇಲ್ಲ. ಗಟ್ಟಿಯಾದವರನ್ನಷ್ಟೇ ತೋರಿಸಿ ಪದ್ಧತಿಯನ್ನು ಸಮರ್ಥಿಸುವುದು ನ್ಯಾಯವಾದ ವಾದವಲ್ಲ.

ಪೈಥಾನ್ ಬಂದಮೇಲೆ ಈ ಚರ್ಚೆಯೇ ಯಾಕೆ ಎಂಬುದು ಇನ್ನೊಂದು ಮಾತು. ಸಿಬಿಎಸ್‌ಇ 2018-19ರಿಂದ ಹಂತಹಂತವಾಗಿ ಜಾವಾ ಬಿಟ್ಟು ಪೈಥಾನ್‌ಗೆ ಹೊರಳಿತು. ಎಮಿರೇಟುಗಳ ಶಾಲೆಗಳೂ ಹೊರಳಿದವು. ಪೈಥಾನ್‌ನಲ್ಲಿ ಸ್ಟ್ರಿಂಗ್ ಹೋಲಿಕೆ ನೇರ, 5 ಭಾಗ 100 ಎಂದರೆ 0.05. ಈ ಎರಡು ತಪ್ಪುಗಳು ಅಲ್ಲಿ ಹುಟ್ಟುವುದೇ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ನನ್ನ ವಾದಕ್ಕೇ ಬಲ, ತಪ್ಪು ಮಗುವಿನದ್ದಾಗಿದ್ದರೆ ಭಾಷೆ ಬದಲಾದರೂ ಉಳಿಯಬೇಕಿತ್ತು. ಆದರೆ ಓದುವ ವಿದ್ಯೆ ಅಲ್ಲಿಯೂ ಬೇಕು. ಓಡುತ್ತಿದ್ದ ಪ್ರೋಗ್ರಾಂ ನಿಂತಾಗ ಪರದೆಗೆ ಬರುವ ಸಾಲುಗಳ ಪಟ್ಟಿಯಲ್ಲಿ ದೋಷದ ಹೆಸರು ಜಾವಾದಲ್ಲಿ ತಲೆಯಲ್ಲಿರುತ್ತದೆ, ಪೈಥಾನ್‌ನಲ್ಲಿ ಬುಡದಲ್ಲಿ. ಶಾಲೆಯಲ್ಲಿ ಕೆಳಗಿನಿಂದ ಓದಲು ಕಲಿತ ಹುಡುಗ ಕಾಲೇಜಿನಲ್ಲಿ ಜಾವಾ ಸಿಕ್ಕಾಗ ಮೇಲಿನಿಂದ ಓದಲು ಕಲಿಯಬೇಕು. ಅದನ್ನು ಯಾರಾದರೂ ತೋರಿಸಿಕೊಟ್ಟರೆ ಹತ್ತು ನಿಮಿಷದ ಕೆಲಸ.

ಶಿಕ್ಷಕರೇ ಇಲ್ಲದೆ ಕಲಿಯಬಹುದಲ್ಲ ಎನ್ನುವವರು ಅಬುಧಾಬಿಯ ಮೀನಾ ಝಾಯೆದ್‌ನಲ್ಲಿ 2021ರಲ್ಲಿ ಆರಂಭವಾದ 42 ಶಾಲೆಯನ್ನು ತೋರಿಸುತ್ತಾರೆ. 2013ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಪದ್ಧತಿ ಅದು. ಪಾಠವಿಲ್ಲ, ಉಪನ್ಯಾಸಕರಿಲ್ಲ, ಕಲಿಕೆ ಶುರುವಾಗುವುದು ಸಿ ಭಾಷೆಯಿಂದ. ಆದರೆ ಅಲ್ಲಿ ನೆರವು ಇಲ್ಲವೆನ್ನುವುದು ತಪ್ಪು. ತನ್ನ ಕೋಡನ್ನು ಇನ್ನೊಬ್ಬ ವಿದ್ಯಾರ್ಥಿಯ ಎದುರು ವಿವರಿಸಿ ಮೌಲ್ಯಮಾಪನ ಮಾಡಿಸಿಕೊಳ್ಳದೆ ಯಾರೂ ಮುಂದಿನ ಹಂತಕ್ಕೆ ಹೋಗುವುದಿಲ್ಲ. ತಿದ್ದಿಕೊಡುವ ಕೈಯನ್ನು ತೆಗೆದುಹಾಕಿ, ವಿವರಿಸುವ ಬಾಯಿಗೆ ಕೆಲಸ ಕೊಟ್ಟದ್ದು ಆ ಶಾಲೆಯ ನಿಜವಾದ ಸುಧಾರಣೆ. ಜಾವಾ ಲ್ಯಾಬುಗಳೂ ಅದನ್ನು ಎರವಲು ಪಡೆಯಲು ಖರ್ಚೇನೂ ಇಲ್ಲ.

ಈಗ ಎದ್ದಿರುವ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಮೇಲೆ ದೋಷಸಂದೇಶವನ್ನು ಅಂಟಿಸಿದರೆ ಸರಿಯಾದ ಕೋಡ್ ಕ್ಷಣದಲ್ಲಿ ಸಿಗುತ್ತದೆ. ಯುಎಇ 2025-26ರ ಶೈಕ್ಷಣಿಕ ವರ್ಷದಿಂದ ಸರ್ಕಾರಿ ಶಾಲೆಗಳಲ್ಲಿ ಕೃತಕ ಬುದ್ಧಿಮತ್ತೆಯನ್ನೇ ಪಾಠವಾಗಿಸಿದೆ. ಇದರಿಂದ ಒಂದು ದೊಡ್ಡ ಉಪಕಾರವಾಗಿದೆ: ಮೂವತ್ತು ವರ್ಷದಲ್ಲಿ ಜೆಡಿಕೆ ಕೊಡದ ಕನ್ನಡದ, ಅರಬ್ಬಿಯ ವಿವರಣೆಯನ್ನು ಮಗು ಈಗ ಕೇಳಿ ಪಡೆಯಬಹುದು. ಹಾಗೆ ಬಳಸುವವರನ್ನು ತಡೆಯಬಾರದು. ಆದರೆ ‘ತಿದ್ದಿ ಕೊಡು’ ಎಂದಷ್ಟೇ ಕೇಳಿದರೆ, ಕೀಬೋರ್ಡ್ ಎಳೆದುಕೊಂಡು ಚಿಹ್ನೆ ಒತ್ತಿ ಹೋಗುತ್ತಿದ್ದ ಹಳೆಯ ಲ್ಯಾಬಿನ ಪದ್ಧತಿಯೇ ಇನ್ನಷ್ಟು ವೇಗವಾಗಿ ಮರಳುತ್ತದೆ. ಅದಲ್ಲದೆ ವ್ಯಾಟ್ ಸೊನ್ನೆ ಬಂದಾಗ ಅಂಟಿಸಲು ಸಂದೇಶವೇ ಇರುವುದಿಲ್ಲ. ಏನೋ ತಪ್ಪಿದೆ ಎಂಬ ಅನುಮಾನ ಮೊದಲು ಹುಟ್ಟಬೇಕಾದದ್ದು ಬರೆದವರ ತಲೆಯಲ್ಲಿ.

ಆ ಅನುಮಾನವನ್ನು ಬೆಳೆಸಲು ಪಕ್ಕದಲ್ಲಿ ಕುಳಿತು ಕಲಿಸುವವರು ಬೇಕು. ದುಬೈಯ ಕನ್ನಡಿಗರು ಇಂಥ ಕೆಲಸಕ್ಕೆ ಹೊಸಬರಲ್ಲ. ‘ಕನ್ನಡ ಮಿತ್ರರು’ ಬಳಗ 2014ರಲ್ಲಿ ಆರಂಭಿಸಿದ ಕನ್ನಡ ಪಾಠಶಾಲೆ ಅಲ್ಲಿನ ಮಕ್ಕಳಿಗೆ ಉಚಿತವಾಗಿ ಅಕ್ಷರ ಕಲಿಸುತ್ತ ಬಂದಿದೆ, ಸ್ವಯಂಸೇವಕರ ಬಲದಿಂದ. ಅದೇ ಊರಿನಲ್ಲಿ ಬ್ಯಾಂಕು, ವಿಮಾನಯಾನ ಕಂಪನಿಗಳಲ್ಲಿ ಜಾವಾ ಬರೆದು ಪಳಗಿದ ಕನ್ನಡಿಗ ಎಂಜಿನಿಯರುಗಳೂ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟು: ವಾರಕ್ಕೆ ಒಂದು ಗಂಟೆ ಕೊಡಿ. ಮಗುವಿನ ಪಕ್ಕದಲ್ಲಿ ಕುಳಿತಾಗ ಕೀಬೋರ್ಡ್ ಮುಟ್ಟಬೇಡಿ. ಇಪ್ಪತ್ತು ದೋಷ ಕಂಡರೂ ಮೊದಲನೆಯದನ್ನು ಮಾತ್ರ ಓದಿಸಿ, ಒಂದು ಬ್ರೇಸ್ ಸರಿಹೋದರೆ ಉಳಿದ ಹತ್ತೊಂಬತ್ತು ತಾವಾಗಿಯೇ ಹೋಗುವುದುಂಟು. ಸಾಲಿನ ಸಂಖ್ಯೆ ಹುಡುಕಿಸಿ, ಸಂದೇಶ ಏನು ಹೇಳುತ್ತಿದೆ ಎಂದು ಮಗುವಿನ ಬಾಯಿಂದಲೇ ಕನ್ನಡದಲ್ಲಿ ಹೇಳಿಸಿ. ಸಂದೇಶವೇ ಇಲ್ಲದಿದ್ದರೆ ಕಾಗದ ಪೆನ್ಸಿಲ್ ಕೊಟ್ಟು, ಉತ್ತರ ಎಷ್ಟು ಬರಬೇಕಿತ್ತು ಎಂದು ಲೆಕ್ಕ ಹಾಕಿಸಿ.